ಸಿಮ್ ಚೀನಾದ್ದು, ವಾಟ್ಸಾಪ್ ಬಳ್ಳಾರಿಯದು

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್. ನಾನು, ನನ್ನ ತಮ್ಮ ಸೇರಿ ನಡೆಸುತ್ತೇವೆ. ಹದಿನೆಂಟು ಮಷೀನು, ಒಂದು ಕಟಿಂಗ್ ಟೇಬಲ್. ವಾಷಿಂಗ್ ಹೊರಗಡೆ ಕೊಡುತ್ತೇವೆ. ಬಟನ್, ರಿವೆಟ್, ಝಿಪ್ ಎಲ್ಲ ಡೀಲರ್‌ಗಳ ಕೈ ದಾಟಿ ದಾಟಿ ನಮಗೆ ಬರುತ್ತವೆ. ಒಮ್ಮೆ ಮೂಲಕ್ಕೇ ಹೋಗಿ ನೋಡೋಣ ಅಂತ ಚೀನಾದ ಗ್ವಾಂಗ್‌ಝೌ ಊರಿಗೆ ಹೊರಟೆ. ಅಲ್ಲಿ ಝೊಂಗ್‌ಡಾ ಅಂತ ಬಟ್ಟೆ ಮಾರ್ಕೆಟ್ ಇದೆ. ಊರಾಚೆ ಶಿನ್‌ತಾಂಗ್ ಅಂತ ಇದೆ, ಅದು ಜೀನ್ಸಿಗೇ ಹೆಸರಾದ ಜಾಗ. ಮಾಲಿನ ಕಥೆ ಇನ್ನೊಂದ್ಸಲ. ಈಗ ಸಿಮ್ ಕಥೆ. ನನ್ನ ಮೊದಲ ದಿನ ಅದಕ್ಕೇ ಹೋಯಿತು.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ಬ್ಯಾಂಕಾಕ್ ಮೂಲಕ ಗ್ವಾಂಗ್‌ಝೌ. ನನ್ನ ಲೆಕ್ಕ ಸುಲಭವಿತ್ತು. ಇಳಿದ ಕೂಡಲೇ ಅಲ್ಲಿಯದೇ ಸಿಮ್ ತಗೊಳ್ಳೋದು, ನಮ್ಮ ಸಿಮ್ಮಿಗೆ ರೋಮಿಂಗ್ ಡೇಟಾ ಹಾಕಿಸಿ ಸುಮ್ನೆ ದುಡ್ಡು ಯಾಕೆ ಕಳೆಯೋದು ಅಂತ. ಬ್ಯಾಂಕಿನ ಓಟಿಪಿ ಬರಲಿ ಅಂತ ಇಂಟರ್‌ನ್ಯಾಷನಲ್ ರೋಮಿಂಗ್ ಮಾತ್ರ ಆನ್ ಮಾಡಿಸಿದ್ದೆ. ಅದೊಂದು ಬುದ್ಧಿವಂತಿಕೆ ಮಾಡಿದ್ದಕ್ಕೇ ಆಮೇಲೆ ಬಚಾವಾದೆ.

ಏರ್‌ಪೋರ್ಟ್‌ನಲ್ಲೇ ಸಿಮ್ ಕೌಂಟರ್ ಇತ್ತು. ಪಾಸ್‌ಪೋರ್ಟ್ ಕೊಟ್ಟೆ. ಝೆರಾಕ್ಸ್ ನಡೆಯುವುದಿಲ್ಲ, ಅಸಲಿಯೇ ಬೇಕು. ಆಮೇಲೆ ಕ್ಯಾಮೆರಾ ಮುಂದೆ ನಿಲ್ಲಿಸಿ ಮುಖದ ಸ್ಕ್ಯಾನ್ ಮಾಡಿದರು. 2019ರ ಡಿಸೆಂಬರ್‌ನಿಂದ ಅಲ್ಲಿ ಹೊಸ ಸಿಮ್ ಯಾರೇ ತಗೊಂಡರೂ ಇದು ಕಡ್ಡಾಯ. ನಮ್ಮಲ್ಲಿ ಮಾಡುವ ಕೆವೈಸಿಯ ಹಾಗೇ, ಗಾಬರಿ ಬೇಡ.

ಸಿಮ್ ಹಾಕಲು ಟ್ರೇ ತೆಗೆದೆ. ಎರಡನೇ ಜಾಗದಲ್ಲಿ ಮೆಮೊರಿ ಕಾರ್ಡ್ ಕೂತಿದೆ! ನನ್ನ ಫೋನಿನಲ್ಲಿ ಎರಡನೇ ಸಿಮ್ ಇಲ್ಲವೇ ಮೆಮೊರಿ ಕಾರ್ಡ್, ಯಾವುದೋ ಒಂದೇ. ಸ್ಯಾಂಪಲ್ ಫೋಟೋ ಎಲ್ಲ ಅದೇ ಕಾರ್ಡಿನಲ್ಲಿ. ತೆಗೆದು ಪರ್ಸಿನಲ್ಲಿಟ್ಟೆ. ಟ್ರೇ ತೆಗೆದದ್ದು ಯಾವುದರಿಂದ ಅಂತೀರಾ? ಲೇಬಲ್ಲಿಗೆ ಚುಚ್ಚುವ ಪಿನ್ನಿನಿಂದ. ನಮ್ಮ ಕಸುಬಿನವರ ಬ್ಯಾಗಿನಲ್ಲಿ ಪಿನ್ನಿಗೇನು ಬರ.

ನೆಟ್‌ವರ್ಕ್ ತುಂಬಾ ಬಂತು. ಊರಿಗೆ ವಾಟ್ಸಾಪ್ ಹಾಕಿದೆ. ಗಡಿಯಾರದ ಗುರುತು ಸುತ್ತುತ್ತಲೇ ಇದೆ. ಗೂಗಲ್ ಇಲ್ಲ, ಯೂಟ್ಯೂಬ್ ಇಲ್ಲ. ಸಿಮ್ಮೇ ಕೆಟ್ಟದ್ದು ಕೊಟ್ಟಿದ್ದಾರೆ ಅಂತ ಕೌಂಟರ್‌ಗೆ ವಾಪಸ್ ಹೋಗಿ ಜೋರು ಮಾಡಿದೆ. ಆ ಹುಡುಗಿ ಪಾಪ, ತನ್ನ ಫೋನಿನಲ್ಲಿ ಏನೋ ಒತ್ತಿ ಇಂಗ್ಲಿಷಿನಲ್ಲಿ ತೋರಿಸಿದಳು: ಸಿಮ್ ಸರಿಯಾಗಿದೆ, ಆ ಆ್ಯಪ್‌ಗಳು ಇಲ್ಲಿ ಬರುವುದಿಲ್ಲ. ಚೀನಾದಲ್ಲಿ ವಾಟ್ಸಾಪ್ ಬಂದ್ ಅಂತ ಕೇಳಿದ್ದೆ, ನಿಜ. ಆದರೆ ದುಡ್ಡು ಕೊಟ್ಟು ತಗೊಂಡ ಸಿಮ್ಮಿನಲ್ಲೂ ಬರಲ್ಲ ಅಂತ ತಲೆಗೆ ಹೋಗಿರಲಿಲ್ಲ. ಹೋಟೆಲ್ ವೈಫೈನಲ್ಲೂ ಅದೇ ಹಾಡು.

ಕೊನೆಗೆ ನಮ್ಮ ಸಿಮ್ಮಿನಿಂದ ತಮ್ಮನಿಗೆ ಒಂದು ಎಸ್ಸೆಮ್ಮೆಸ್ ಕಳಿಸಿದೆ: ನನ್ನ ನಂಬರಿಗೆ ಚೀನಾ ರೋಮಿಂಗ್ ಪ್ಯಾಕ್ ಹಾಕು. ಅವನು ಬಳ್ಳಾರಿಯಲ್ಲಿ ಕೂತು ತನ್ನ ಫೋನಿನಿಂದಲೇ ರೀಚಾರ್ಜ್ ಮಾಡಿದ. ನಾನು ಸೆಟ್ಟಿಂಗ್ಸ್‌ನಲ್ಲಿ ಡೇಟಾವನ್ನು ಚೀನಾ ಸಿಮ್ಮಿನಿಂದ ನಮ್ಮ ಸಿಮ್ಮಿಗೆ ಬದಲಾಯಿಸಿ, ಡೇಟಾ ರೋಮಿಂಗ್ ಆನ್ ಮಾಡಿದೆ. ದಬದಬ ಅಂತ ಮೆಸೇಜು ಸುರಿದವು. ಮೊದಲನೆಯದೇ ತಮ್ಮನ ವಾಯ್ಸ್: "ಯಾಕಣ್ಣಾ, ಫೋನೇ ಹತ್ತವಲ್ದು. ಎಲ್ಲಿದ್ದಿ?"

ಇದೇನು ಮಾಯೆ ಅಂತ ಆಮೇಲೆ ತಿಳಿದುಕೊಂಡೆ. ರೋಮಿಂಗ್‌ನಲ್ಲಿ ಫೋನು ಹಿಡಿಯೋದು ಚೀನಾದ ಟವರನ್ನೇ. ಆದರೆ ಡೇಟಾ ಅಲ್ಲೇ ಇಂಟರ್ನೆಟ್ಟಿಗೆ ಇಳಿಯುವುದಿಲ್ಲ, ನಮ್ಮ ಕಂಪನಿಯ ನೆಟ್‌ವರ್ಕ್ ತನಕ ಬಂದು ಅಲ್ಲಿಂದ ಹೊರಗೆ ಹೋಗುತ್ತದೆ. ಬಳ್ಳಾರಿಯಲ್ಲಿ ಬುಕ್ ಮಾಡಿದ ಪಾರ್ಸಲ್ಲು ಹೊಸಪೇಟೆಗೇ ಹೋಗಬೇಕಿದ್ದರೂ ಒಮ್ಮೊಮ್ಮೆ ಹುಬ್ಬಳ್ಳಿ ಗೋಡೌನ್ ನೋಡಿ ಬರುತ್ತಲ್ಲ, ಹಾಗೆ. ಅದಕ್ಕೇ ಸ್ವಲ್ಪ ನಿಧಾನ, ಆದರೆ ವಾಟ್ಸಾಪ್ ಬರುತ್ತದೆ. ಚೀನಾ ಸಿಮ್ಮಿನ ಡೇಟಾ ಅಲ್ಲಿಯ ಬಾಗಿಲಿನಿಂದಲೇ ಹೊರಗೆ ಹೋಗಬೇಕು, ಆ ಬಾಗಿಲಲ್ಲಿ ವಾಟ್ಸಾಪಿಗೆ ಬೀಗ.

ಹಾಗಾದರೆ ಚೀನಾ ಸಿಮ್ ದಂಡವಾಯಿತಾ? ಇಲ್ಲ. ವ್ಯಾಪಾರಕ್ಕೆ ಅದೇ ಬೇಕಾಯಿತು. ಅಂಗಡಿಯವರು ಕಾರ್ಡು ಕೊಟ್ಟರೆ ಅದರಲ್ಲಿ ಫೋನ್ ನಂಬರ್, ವಿಚಾಟ್ (ನಮ್ಮ ವಾಟ್ಸಾಪ್ ಥರದ ಅಲ್ಲಿಯ ಆ್ಯಪ್) ಎರಡೇ. ನಮ್ಮ ಓಲಾ ಥರದ ಡೀಡಿ ಕಾರಿನ ಡ್ರೈವರ್ ಎಲ್ಲಿದ್ದೀರಿ ಅಂತ ಫೋನ್ ಮಾಡೋದು ಅಲ್ಲಿಯ ನಂಬರಿಗೆ. (ಅವನು ಚೀನೀ ಭಾಷೆಯಲ್ಲಿ ಏನೋ ಹೇಳುತ್ತಿದ್ದ, ನಾನು ಹೂಂ ಹೂಂ ಅನ್ನುತ್ತಿದ್ದೆ, ಹೆಂಗೋ ಕಾರು ಬರುತ್ತಿತ್ತು.) ದಿನವಿಡೀ ನಕ್ಷೆ ನೋಡಲು, ಕ್ಯೂಆರ್ ಸ್ಕ್ಯಾನ್ ಮಾಡಲು ಆ ಡೇಟಾ ಧಾರಾಳ. ರಾತ್ರಿ ರೂಮಿಗೆ ಬಂದು ಡೇಟಾ ನಮ್ಮ ಸಿಮ್ಮಿಗೆ ತಿರುಗಿಸಿ ಬಟನ್ ಫೋಟೋ ಊರಿಗೆ ಕಳಿಸುತ್ತಿದ್ದೆ. ಅಲ್ಲಿ ರಾತ್ರಿ ಹತ್ತು ಅಂದರೆ ನಮ್ಮಲ್ಲಿ ಏಳೂವರೆ, ಕಟಿಂಗ್ ಮಾಸ್ಟರ್ ಇನ್ನೂ ಯೂನಿಟ್‌ನಲ್ಲೇ ಇರುತ್ತಿದ್ದರು.

ವಿಚಾಟ್ ಖಾತೆ ಮಾತ್ರ ಊರಲ್ಲೇ ತೆರೆದುಕೊಂಡು ಹೋಗಿ. ಹೊಸಬರಿಗೆ ಅದು ಹಳೇ ಬಳಕೆದಾರರೊಬ್ಬರ ಕೈಲಿ ಕ್ಯೂಆರ್ ಸ್ಕ್ಯಾನ್ ಮಾಡಿಸಿ ಅನ್ನುತ್ತದೆ, ಪುಣ್ಯಕ್ಕೆ ನಮ್ಮ ಓಣಿಯಲ್ಲೇ ಒಬ್ಬರಿದ್ದರು. ಅಲ್ಲಿ ದುಡ್ಡು ಕೊಡುವ ಆ್ಯಪ್ ಅಲಿಪೇಗೂ ಊರಲ್ಲೇ ನನ್ನ ವೀಸಾ ಕಾರ್ಡ್ ಜೋಡಿಸಿದ್ದೆ. ಅದಕ್ಕೂ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಬೇಕು, ಇಲ್ಲದಿದ್ದರೆ ಕಾರ್ಡು ಅಲ್ಲಿ ಬರೀ ಪ್ಲಾಸ್ಟಿಕ್. 200 ಯುವಾನ್ ದಾಟಿದ ಬಿಲ್ಲಿಗೆ ಅಲಿಪೇ 3% ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಆದಷ್ಟು ಚಿಲ್ಲರೆ ಖರ್ಚಿಗೇ ಇಟ್ಟುಕೊಂಡೆ. ಎರಡೂ ಖಾತೆಗೆ ಕೊಟ್ಟದ್ದು ನಮ್ಮ 91ರ ನಂಬರೇ. ಚೀನಾ ನಂಬರ್ ಕೊಟ್ಟಿದ್ದರೆ, ವಾಪಸ್ ಬಂದು ಆ ಸಿಮ್ ಸತ್ತ ಮೇಲೆ ಕೋಡ್ ಎಲ್ಲಿಗೆ ಬರಬೇಕು?

ಇಸಿಮ್, ಅಂದರೆ ಕಾರ್ಡೇ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ಹಾಕಬಹುದಿತ್ತಲ್ಲ ಅಂತ ಬೆಂಗಳೂರಿನ ಅಳಿಯ ಕೇಳಿದ. *#06# ಒತ್ತಿದರೆ ಇಐಡಿ ಅಂತ ಉದ್ದನೆಯ ನಂಬರ್ ತೋರಿಸುವ ಫೋನಿಗೆ ಇಸಿಮ್ ಆಗುತ್ತದೆ. ನನ್ನ ಫೋನಿನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬಿಟ್ಟು ಬೇರೇನೂ ಕಾಣಲಿಲ್ಲ.

ಬರುವ ತಿಂಗಳು ಪಕ್ಕದ ಯೂನಿಟ್‌ನವರು ಹೊರಟಿದ್ದಾರೆ. ಆ ಸಿಮ್ ಕೊಡಣ್ಣಾ, ರೀಚಾರ್ಜ್ ಮಾಡ್ಕೊಂತೀನಿ ಅಂದರು. ಕೊಡಲಿಲ್ಲ. ಅದು ನನ್ನ ಪಾಸ್‌ಪೋರ್ಟ್ ಮೇಲೆ, ನನ್ನ ಮುಖದ ಮೇಲೆ ಇರುವ ಸಿಮ್. ಅವರಿಗೆ ಪಿನ್ನು ಕೊಟ್ಟು ಕಳಿಸಿದೆ.