ಮರೆವಿನ ಕಾಯಿಲೆ ಇರೋರು ದಿನದ ಕೆಲಸ ಎಷ್ಟು ಮಾಡ್ಕೊಳ್ತಾರೆ, ಮನೇಲೇ ಗಮನಿಸೋದು ಹೇಗೆ

ಡಾಕ್ಟರ್ "ದಿನದ ಕೆಲಸ ಎಲ್ಲಾ ಮಾಡ್ಕೊಳ್ತಾರಾ?" ಅಂತ ಕೇಳಿದಾಗ ನಾವು "ಹೂಂ, ಪರವಾಗಿಲ್ಲ" ಅಂದ್ಬಿಡ್ತೀವಿ, ಅಲ್ಲೇ ಅರ್ಧ ವಿಷಯ ಹೋಯ್ತು. ಡಿಮೆನ್ಷಿಯಾ, ಅಂದ್ರೆ ಈ ಮರೆವಿನ ಕಾಯಿಲೆ, ಹೌದೋ ಅಲ್ವೋ ಅಂತ ಹೇಳೋಕೆ ನೆನಪಿನ ಟೆಸ್ಟ್ ಒಂದೇ ಸಾಲಲ್ಲ, ದಿನದ ಕೆಲಸಗಳಿಗೆ ಎಷ್ಟು ತೊಂದರೆ ಆಗಿದೆ ಅಂತಾನೂ ಗೊತ್ತಾಗ್ಬೇಕು, ಅದನ್ನ ಹೇಳೋಕಾಗೋದು ಜೊತೇಲಿರೋರಿಗೆ. ಹಾಗಾಗಿ ಆಸ್ಪತ್ರೆಗೆ ಹೋಗೋ ಮುಂಚೆ ಒಂದು ವಾರ ಗಮನ ಇಟ್ಟು ನೋಡಿ, ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ಏನೇನು ನೋಡ್ಬೇಕು? ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ಟಾಯ್ಲೆಟ್, ಹಾಸಿಗೆಯಿಂದ ಎದ್ದೇಳೋದು, ಮಲಮೂತ್ರದ ಹಿಡಿತ, ಊಟ, ಇವು ದಿನದ ಕೆಲಸ ಅಳೆಯೋಕೆ ಅಂತ 1963ರಲ್ಲಿ ಬಂದ ಕಾಟ್ಜ್ ಪಟ್ಟೀಲಿರೋ ಆರು. ಅಂಥದ್ದೇ ಇನ್ನೊಂದು, 1969ರ ಲಾಟನ್-ಬ್ರೋಡಿ ಪಟ್ಟೀಲಿ ಎಂಟಿವೆ: ಫೋನ್, ಅಂಗಡಿ ಸಾಮಾನು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯೋದು, ಹೊರಗಡೆ ಓಡಾಟ, ಮಾತ್ರೆ, ದುಡ್ಡಿನ ಲೆಕ್ಕ. ಸಾಮಾನ್ಯವಾಗಿ ಮೊದಲು ಎಡವಟ್ಟಾಗೋದು ಈ ಎಂಟರಲ್ಲೇ, ಅದಕ್ಕೆ ಇಲ್ಲಿಂದ ಶುರು ಮಾಡಿ.

ಆದ್ರೆ ಪಟ್ಟೀನ ಕಣ್ಮುಚ್ಕೊಂಡು ತುಂಬಬೇಡಿ. ಜೀವಮಾನದಲ್ಲಿ ಒಲೆ ಹಚ್ಚದ ಅಪ್ಪನಿಗೆ "ಅಡುಗೆ ಆಗಲ್ಲ" ಅಂತ ಬರೆದು ಏನು ಪ್ರಯೋಜನ? ಸೊಸೆ ಬಂದ್ಮೇಲೆ ಅತ್ತೆ ಅಡುಗೆಮನೆ ಬಿಟ್ಟಿದ್ರೆ ಅದೂ ಕಾಯಿಲೆ ಲೆಕ್ಕಕ್ಕೆ ಬರಲ್ಲ. ಮುಂಚೆ ಮಾಡ್ತಿದ್ರಾ, ಈಗ ಯಾಕೆ ಬಿಟ್ರು, ಇಷ್ಟನ್ನ ಕೇಳಿ. ಮಂಡಿನೋವು, ಕಣ್ಣಿನ ಪೊರೆ, ಕಿವಿ ಕೇಳಿಸದೇ ಇರೋದು, ಇದ್ರಿಂದ ಬಿಟ್ಟಿದ್ರೆ ಹಾಗಂತಾನೇ ಬರೀರಿ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬರಹ ಇಲ್ಲದ ಹಿರಿಯರಿಗೋಸ್ಕರಾನೇ "ಈಸಿ" ಅನ್ನೋ ಅಳತೆಪಟ್ಟಿ ಮಾಡಿದ್ದು ಇದೇ ಕಾರಣಕ್ಕೆ, ಚೆಕ್‌ಬುಕ್ ಮುಟ್ಟದೇ ಇರೋ ಅಜ್ಜೀನ ಚೆಕ್ ಬರೀರಿ ಅಂತ ಅಳೆಯೋಕಾಗಲ್ಲ.

ಈಗ ಮುಖ್ಯ ಕೆಲಸ. ಅವರ ಕೈ ಪಳಗಿರೋ ಒಂದು ಕೆಲಸ ತಗೊಂಡು ಎಲ್ಲಿ ಸಿಕ್ಕಾಕ್ಕೊಳ್ತಾರೆ ಅಂತ ನೋಡಿ. ಉದಾಹರಣೆಗೆ ಫಿಲ್ಟರ್ ಕಾಫಿ. ಅಮ್ಮ ಫಿಲ್ಟರ್ ತೆಗೆದು ಜೋಡಿಸಿದ್ರು, ನೀರು ಕಾಯೋಕಿಟ್ರು, ಆಮೇಲೆ ಪುಡಿ ಹಾಕದೇನೇ ಬಿಸಿನೀರು ಹುಯ್ದು ಸುಮ್ನೆ ನಿಂತ್ಬಿಟ್ರು. ನೀವು ಓಡಿ ಹೋಗ್ಬೇಡಿ, ಸ್ವಲ್ಪ ಕಾಯಿರಿ, ಆಮೇಲೆ "ಅಮ್ಮಾ, ಪುಡಿ?" ಅಷ್ಟೇ ಅನ್ನಿ. ಅಷ್ಟಕ್ಕೇ ಸರಿಹೋದ್ರೆ "ನೆನಪಿಸಿದ್ರೆ ಮಾಡ್ತಾರೆ". ಡಬ್ಬಿ ತೋರಿಸ್ಬೇಕಾಯ್ತಾ, ಕೈ ಹಿಡಿದು ಮಾಡಿಸ್ಬೇಕಾಯ್ತಾ, ಪೂರ್ತಿ ನೀವೇ ಮಾಡಿದ್ರಾ, ಹೀಗೆ ಎಷ್ಟು ಸಹಾಯ ಬೇಕಾಯ್ತು ಅಂತ ಬರೀರಿ. ನನ್ನ ಪ್ರಕಾರ ಪಟ್ಟೀಲಿ ಬರೋ ಮಾರ್ಕ್ಸ್‌ಗಿಂತ ಈ ಸಾಲೇ ಉಪಯೋಗ, ಯಾಕಂದ್ರೆ ಪುಡಿ ಡಬ್ಬಿ ಕಣ್ಣಿಗೆ ಬೀಳೋ ಕಡೆ ಇಟ್ರೆ ಅವರು ಇನ್ನೂ ಎಷ್ಟೋ ದಿನ ತಮ್ಮ ಕಾಫಿ ತಾವೇ ಮಾಡ್ಕೋಬಹುದು, ಇಡೀ ಕೆಲಸ ಕಿತ್ಕೋಬೇಕಾಗಿಲ್ಲ.

ಪರೀಕ್ಷೆ ತರ ಮಾಡ್ಬೇಡಿ, ನೆಂಟರ ಮುಂದಂತೂ ಬೇಡ್ವೇ ಬೇಡ, ಅವರಿಗೆ ತುಂಬಾ ಅವಮಾನ ಆಗುತ್ತೆ. ಸಂಜೆ ಹೊತ್ತು ಗೊಂದಲ ಜಾಸ್ತಿ ಇರೋರನ್ನ ಬೆಳಿಗ್ಗೆನೂ ನೋಡಿ, ಸಂಜೆನೂ ನೋಡಿ, ಎರಡನ್ನೂ ಬರೀರಿ. "ಮಾಡ್ತೀರಾ?" ಅಂತ ಬಾಯಲ್ಲಿ ಕೇಳಿದ್ರೆ ಬಹಳಷ್ಟು ಜನ "ಎಲ್ಲಾ ಮಾಡ್ತೀನಿ" ಅಂತಾರೆ, ಸುಳ್ಳು ಹೇಳೋ ಉದ್ದೇಶ ಇರಲ್ಲ, ಅವರಿಗೆ ಹಾಗೇ ಅನ್ಸುತ್ತೆ. ಹಬ್ಬಕ್ಕೆ ಮಾತ್ರ ಬಂದು ಹೋಗೋ ಮಕ್ಕಳಿಗೂ ಎಲ್ಲಾ ಸರಿಯಾಗಿದೆ ಅಂತಾನೇ ಕಾಣುತ್ತೆ, ಅದಕ್ಕೆ ದಿನಾ ನೋಡ್ಕೊಳ್ಳೋರ ಮಾತಿಗೆ ಹೆಚ್ಚು ಬೆಲೆ ಕೊಡಿ.

ಗ್ಯಾಸ್ ಆರಿಸದೇ ಬಿಡೋದು, ಮಾತ್ರೆ ಎರಡೆರಡು ಸಲ ತಗೊಳ್ಳೋದು, ಗೊತ್ತಿರೋ ರಸ್ತೇಲೇ ದಾರಿ ತಪ್ಪೋದು, ಇದ್ರಲ್ಲಿ ಒಂದು ಕಂಡ್ರೂ ವಾರ ಮುಗೀಲಿ ಅಂತ ಕಾಯ್ಬೇಡಿ, ಅಪಾಯ ಆಗದ ಹಾಗೆ ಅವತ್ತೇ ಏರ್ಪಾಡು ಮಾಡಿ. ಎರಡು ಮೂರು ದಿನದಲ್ಲೇ ದಿಢೀರ್ ಅಂತ ಕೆಟ್ಟುಹೋದ್ರೆ ಮೂತ್ರದ ಇನ್ಫೆಕ್ಷನ್ನೋ ಹೊಸ ಮಾತ್ರೆಯೋ ಕಾರಣ ಇರಬಹುದು, ತಡ ಮಾಡದೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಮರೆವು ತರ್ತವೆ, ಇವಕ್ಕೆ ಚಿಕಿತ್ಸೆ ಇದೆ, ಡಾಕ್ಟರ್‌ಗೆ ನೋಟ್‌ಬುಕ್ ಕೊಡುವಾಗ ಇವನ್ನೂ ನೋಡಿ ಅಂತ ಕೇಳಿ.