ಡಾಟ್ ಟ್ರಿಪಲ್ ಎಕ್ಸ್ ಒಂದನ್ನೇ ಮುಚ್ಚಿದರೆ ಸಾಲದು: ಮನೆಯ ವೈಫೈಗೆ ಬೀಗ ಹಾಕುವುದು ಹೇಗೆ?

ಭಾನುವಾರ ಆರಾಧನೆ ಮುಗಿಸಿ ಹೊರಗೆ ಬರುತ್ತಿದ್ದೆ. ನಮ್ಮ ಸಂಡೇ ಸ್ಕೂಲ್ ಹುಡುಗನ ತಾಯಿ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: ‘ಸರ್, ಅಂಥ ವೆಬ್‌ಸೈಟ್‌ಗಳಿಗೇ ಅಂತ ಬೇರೆ ವಿಳಾಸ ಇದೆಯಂತಲ್ಲ. ಅದೊಂದನ್ನ ಬಂದ್ ಮಾಡಿಬಿಟ್ರೆ ಆಯ್ತಲ್ವಾ?’

ಇರುವುದೇನೋ ನಿಜ. ಡಾಟ್ ಕಾಮ್, ಡಾಟ್ ಇನ್ ಇದ್ದ ಹಾಗೆ ಅಶ್ಲೀಲ ಸೈಟ್‌ಗಳಿಗೆಂದೇ ಡಾಟ್ ಟ್ರಿಪಲ್ ಎಕ್ಸ್ (.xxx). ಅದಕ್ಕಾಗಿ ಐಸಿಎಂ ರಿಜಿಸ್ಟ್ರಿ ಎಂಬ ಕಂಪನಿ 2000ದಲ್ಲೇ ಅರ್ಜಿ ಹಾಕಿತ್ತು. ಇಂಟರ್ನೆಟ್ ವಿಳಾಸಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 2005ರ ಜೂನ್‌ನಲ್ಲಿ ಮೊದಲ ಹಂತದ ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಗದ್ದಲ ಶುರುವಾಯಿತು. ಫ್ಯಾಮಿಲಿ ರಿಸರ್ಚ್ ಕೌನ್ಸಿಲ್‌ನಂಥ ಕ್ರೈಸ್ತ ಸಂಘಟನೆಗಳು ‘ಇದು ಪಾಪಕ್ಕೆ ಬೋರ್ಡ್ ಹಾಕಿಕೊಟ್ಟ ಹಾಗೆ’ ಎಂಬ ಧಾಟಿಯಲ್ಲಿ ವಿರೋಧಿಸಿದವು. ಅಲ್ಲಿನ ವಾಣಿಜ್ಯ ಇಲಾಖೆಗೆ ಸುಮಾರು 6,000 ಪತ್ರ, ಇಮೇಲ್ ಬಂದವು. 2007ರಲ್ಲಿ ಐಕ್ಯಾನ್ ಆಗಲ್ಲ ಎಂದಿತು. ಕೊನೆಗೆ 2011ರ ಮಾರ್ಚ್ 18ರಂದು ಹೂಂ ಎಂದಿತು. ಅದೇ ಡಿಸೆಂಬರ್‌ನಲ್ಲಿ ಎಲ್ಲರಿಗೂ ಮಾರಾಟಕ್ಕೆ ಬಂತು. ತಮ್ಮ ಹೆಸರನ್ನು ಬೇರೆಯವರು ಅಲ್ಲಿ ಬಳಸಿಯಾರು ಎಂದು ಹೆದರಿ ಕೆಲವು ವಿಶ್ವವಿದ್ಯಾಲಯಗಳೂ ದುಡ್ಡು ಕೊಟ್ಟು ವಿಳಾಸ ಕೊಂಡವು!

ಆದರೆ ತಾಪತ್ರಯ ಇರುವುದು ಬೇರೆ ಕಡೆ. ಅಲ್ಲಿಗೆ ಹೋಗಲೇಬೇಕು ಎಂಬ ಕಡ್ಡಾಯ ಯಾರಿಗೂ ಇಲ್ಲ. ಊರ ಹೊರಗೆ ಸಾರಾಯಿ ಅಂಗಡಿಗೆ ಜಾಗ ಕೊಟ್ಟು, ಊರೊಳಗಿನ ಅಂಗಡಿಗಳನ್ನು ಹಾಗೇ ಬಿಟ್ಟಂತೆ. ಡಾಟ್ ಕಾಮ್‌ನಲ್ಲಿ ಇದ್ದವರು ಅಲ್ಲೇ ಇದ್ದಾರೆ. ಹಾಗಾಗಿ ಬೀಗ ನಮ್ಮ ಮನೆಯಲ್ಲೇ ಬೀಳಬೇಕು. ಅರ್ಧ ಗಂಟೆ ಸಾಕು.

ಮೊದಲು ವೈಫೈ ಡಬ್ಬಿ. ನಮ್ಮನೆಯಲ್ಲಿ ಅದು ಟಿವಿ ಹಿಂದೆ ಧೂಳು ತಿನ್ನುತ್ತಾ ಕೂತಿರುತ್ತದೆ. ತಿರುಗಿಸಿ ನೋಡಿ, ತಳದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. 192.168.1.1 ಅಥವಾ 192.168.0.1 ಎಂಬಂಥ ಅಂಕಿ, ಜೊತೆಗೆ ಯೂಸರ್‌ನೇಮ್, ಪಾಸ್‌ವರ್ಡ್. ಅಕ್ಷರ ಇರುವೆ ಗಾತ್ರ. ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಅದೇ ವೈಫೈಗೆ ಸೇರಿದ ಫೋನಿನ ಬ್ರೌಸರ್‌ನಲ್ಲಿ ಆ ಅಂಕಿ ಹಾಕಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ.

ಅಲ್ಲಿ ಡಿಎನ್ಎಸ್ ಎಂಬ ಜಾಗ ಹುಡುಕಿ. ಕೆಲವು ಡಬ್ಬಿಗಳಲ್ಲಿ ಡಿಎಚ್‌ಸಿಪಿ ಎಂಬ ಪುಟದೊಳಗೆ ಅಡಗಿರುತ್ತದೆ. ಡಿಎನ್ಎಸ್ ಅಂದರೆ ವೆಬ್‌ಸೈಟ್ ಹೆಸರು ಹೇಳಿದರೆ ಅದರ ನಂಬರ್ ಕೊಡುವ ಡೈರೆಕ್ಟರಿ. ಈ ಡೈರೆಕ್ಟರಿಯನ್ನೇ ಬದಲಿಸುತ್ತೇವೆ. ಮೊದಲ ಖಾನೆಯಲ್ಲಿ 1.1.1.3, ಎರಡನೆಯದರಲ್ಲಿ 1.0.0.3 ಹಾಕಿ ಸೇವ್ ಮಾಡಿ. ಇದು ಕ್ಲೌಡ್‌ಫ್ಲೇರ್ ಕಂಪನಿಯ ಕುಟುಂಬ ಸೇವೆ, ಪುಕ್ಕಟೆ. ಅಶ್ಲೀಲ ಎಂದು ಅವರು ಗುರುತಿಸಿದ ಸೈಟ್ ಡಾಟ್ ಕಾಮ್‌ನಲ್ಲಿರಲಿ, ಡಾಟ್ ಟ್ರಿಪಲ್ ಎಕ್ಸ್‌ನಲ್ಲಿರಲಿ, ನಂಬರನ್ನೇ ಕೊಡುವುದಿಲ್ಲ. ಐಪಿವಿ6 ಎಂಬ ಖಾನೆ ಬೇರೆ ಇದ್ದರೆ ಅಲ್ಲಿ 2606:4700:4700::1113 ಹಾಕಿ. ಅದನ್ನು ಮರೆತರೆ ಹಿಂಬಾಗಿಲು ತೆರೆದೇ ಇರುತ್ತದೆ. ಕೆಲವು ಕಂಪನಿಗಳ ಡಬ್ಬಿಯಲ್ಲಿ ಈ ಜಾಗ ಬದಲಿಸಲು ಬರುವುದಿಲ್ಲ. ಫೈಬರ್ ಹಾಕಿಕೊಟ್ಟ ಹುಡುಗನಿಗೆ ಫೋನ್ ಮಾಡಿ, ನಾಚಿಕೊಳ್ಳಬೇಡಿ.

ಡಬ್ಬಿಯ ಪಾಸ್‌ವರ್ಡನ್ನೂ ಬದಲಿಸಿ. ಸ್ಟಿಕ್ಕರ್ ಓದಲು ನಿಮಗಿಂತ ಮಕ್ಕಳ ಕಣ್ಣು ಚುರುಕು.

ಮೊಬೈಲ್ ಡೇಟಾಕ್ಕೆ ಈ ಬೀಗ ಲೆಕ್ಕಕ್ಕಿಲ್ಲ. ಹಾಗಾಗಿ ಎರಡನೇ ಕೆಲಸ ಫೋನ್. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್ಎಸ್’ ಎಂದು ಹುಡುಕಿ. ಇಲ್ಲಿ ಅಂಕಿ ಹಾಕಿದರೆ ತಗೊಳ್ಳಲ್ಲ, ಹೆಸರೇ ಬೇಕು: ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್ಎಸ್ ಡಾಟ್ ಕಾಮ್ (family.cloudflare-dns.com). ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ. ಬೇಡದ ಚಿತ್ರ, ವಿಡಿಯೊಗಳನ್ನು ಸೋಸುವ ಗೂಗಲ್‌ನ ಸೇಫ್‌ಸರ್ಚ್, ಯೂಟ್ಯೂಬ್‌ನ ರಿಸ್ಟ್ರಿಕ್ಟೆಡ್ ಮೋಡ್ ಕೂಡ ಆನ್ ಮಾಡಿ.

ಇಷ್ಟಾದರೂ ಒಂದು ವಿಪಿಎನ್ ಆ್ಯಪ್, ಅಂದರೆ ಇಂಟರ್ನೆಟ್ಟಿಗೆ ಬೇರೆ ದಾರಿಯಿಂದ ಹೋಗಲು ಬಿಡುವ ಆ್ಯಪ್, ಹಾಕಿಕೊಂಡರೆ ಎಲ್ಲ ದಾಟಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೆಳೆಯ ಕಳಿಸಿದ ವಿಡಿಯೊವನ್ನು ಯಾವ ಡಿಎನ್ಎಸ್ಸೂ ತಡೆಯದು. ಅದಕ್ಕೇ ಮೂರನೇ ಕೆಲಸ, ಮಾತು. ಬೀಗ ಹಾಕಿದ್ದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಯಾಕೆ ಹಾಕಿದ್ದು ಅಂತ ಹೇಳಿ. ‘ಗೊತ್ತಿಲ್ಲದೆ ಕಣ್ಣಿಗೆ ಬಿದ್ದರೆ ಬಂದು ಹೇಳು, ಬೈಯಲ್ಲ’ ಅನ್ನಿ. ಹೇಳಿದ ಮೇಲೆ ನಿಜಕ್ಕೂ ಬೈಯಬೇಡಿ. ಒಂದು ಸಲ ಬೈದರೆ ಎರಡನೇ ಸಲ ಬಂದು ಹೇಳುವುದಿಲ್ಲ. ದೇವರ ಕೋಪದ ಹೆಸರು ಹೇಳಿ ಹೆದರಿಸುವುದು ನನಗಂತೂ ಇಷ್ಟವಿಲ್ಲ. ಹೆದರಿದ ಮಗು ಫೋನ್ ಬಿಡುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತದೆ.

ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇದ್ದರೆ ಯೋಬನ ಪುಸ್ತಕದ 31ನೇ ಅಧ್ಯಾಯ ಓದಿ ಮಾತು ಶುರು ಮಾಡಬಹುದು. ತನ್ನ ಕಣ್ಣುಗಳ ಜೊತೆ ತಾನೇ ಒಡಂಬಡಿಕೆ ಮಾಡಿಕೊಂಡೆ ಅನ್ನುತ್ತಾನೆ ಯೋಬ. ಮಕ್ಕಳ ಕಣ್ಣುಗಳ ಜೊತೆ ಅಲ್ಲ, ಗಮನಿಸಿ.

ಆ ತಾಯಿಗೆ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಸಂಜೆ ಫೋನ್ ಬಂತು. ವೈಫೈ ಆಯ್ತಂತೆ, ಮಗನ ಫೋನೂ ಆಯ್ತಂತೆ. ಆಮೇಲೆ ದನಿ ತಗ್ಗಿಸಿದರು: ‘ಸರ್, ನಮ್ಮೆಜಮಾನ್ರ ಫೋನಿಗೂ ಹಾಕ್ಬೇಕಾ?’

ಹಾಕಬೇಕು ಅಂದೆ. ಮಗನದ್ದಕ್ಕಿಂತ ಮೊದಲೇ ಹಾಕಬೇಕಿತ್ತು.