ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಆರೋಗ್ಯ ಕ್ಷೇತ್ರದ ಡಿಗ್ರಿ: ಸೀಟು ಪಡೆಯುವುದು ಹೇಗೆ?

ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಎಕ್ಸ್-ರೇ ಟೆಕ್ನಾಲಜಿಸ್ಟ್, ರೆಸ್ಪಿರೇಟರಿ ಥೆರಪಿಸ್ಟ್ (ಉಸಿರಾಟದ ಚಿಕಿತ್ಸೆ ಕೊಡುವವರು), ಡೆಂಟಲ್ ಹೈಜಿನಿಸ್ಟ್ (ಹಲ್ಲು ಶುಚಿ ಮಾಡುವವರು) ಆಗಲು ಆಸೆಪಡುತ್ತಾರೆ. ಒಳ್ಳೆಯ ಆಸೆ. ಕಮ್ಯುನಿಟಿ ಕಾಲೇಜಿನ, ಅಂದರೆ ಊರಿನ ಸಾರ್ವಜನಿಕ ಕಾಲೇಜಿನ, ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಇದ್ದರೆ ಈ ಕೆಲಸಗಳಿಗೆ ದಾರಿ ಇದೆ. ಆದರೆ ಓದಿಕೊಂಡ, ಜಾಣ ಜನ ಕೂಡ ಒಂದೇ ಜಾಗದಲ್ಲಿ ಎಡವಿ ವರ್ಷ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಕಾಲೇಜಿಗೆ ಸೇರಿದರೆ ಕೋರ್ಸಿಗೂ ಸೇರಿದಂತೆ ಎಂದು ಅವರು ನಂಬಿಬಿಡುತ್ತಾರೆ.

1. ಕೋರ್ಸಿನ ಮಾನ್ಯತೆ ನೋಡಿ

ಕಾಲೇಜಿಗೆ ಮಾನ್ಯತೆ ಇದ್ದರೆ ಸಾಲದು, ಆ ಕೋರ್ಸಿಗೂ ಬೇಕು. ರೇಡಿಯಾಗ್ರಫಿಗೆ (ಎಕ್ಸ್-ರೇ) ಜೆಆರ್‌ಸಿಇಆರ್‌ಟಿ, ರೆಸ್ಪಿರೇಟರಿಗೆ ಕೋಆರ್ಕ್, ಡೆಂಟಲ್ ಹೈಜೀನ್‌ಗೆ ಕೋಡಾ, ಲ್ಯಾಬ್ ಟೆಕ್ನಿಷಿಯನ್‌ಗೆ ಎನ್‌ಎಎಸಿಎಲ್‌ಎಸ್. ಮಾನ್ಯತೆ ಕೊಡುವ ಈ ಸಂಸ್ಥೆಗಳ ವೆಬ್‌ಸೈಟಿನಲ್ಲೇ ಕೋರ್ಸಿನ ಹೆಸರು ಹುಡುಕಿ. ಕಾಲೇಜಿನ ಜಾಹೀರಾತು ನಂಬಬೇಡಿ.

ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜುಗಳು ಬೇಗ ಸೀಟು ಕೊಡುತ್ತೇವೆ ಎಂದು ಬೆನ್ನು ಹತ್ತುತ್ತವೆ. ಹೋಗಬೇಡಿ. ಇಂಥವೇ ಆದ, 2015ರಲ್ಲಿ ಕೊರಿಂಥಿಯನ್, 2016ರಲ್ಲಿ ಐಟಿಟಿ ಟೆಕ್ ಬಾಗಿಲು ಹಾಕಿದಾಗ ಸಾವಿರಾರು ವಿದ್ಯಾರ್ಥಿಗಳು ಸಾಲ ಹೊತ್ತು ನಡುದಾರಿಯಲ್ಲಿ ನಿಂತರು.

2. ಊರಿನ ಅಂಕಪಟ್ಟಿ

ಭಾರತದ ಡಿಗ್ರಿಯನ್ನು ಡಬ್ಲ್ಯೂಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಕಡಿಮೆ ದುಡ್ಡಿನ ರಿಪೋರ್ಟ್ ಬೇಡ. ಅದರಲ್ಲಿ ನಿಮಗೆ ಡಿಗ್ರಿ ಇದೆ ಎಂದಷ್ಟೇ ಇರುತ್ತದೆ. ಒಂದೊಂದು ವಿಷಯಕ್ಕೂ ಕ್ರೆಡಿಟ್ ತೋರಿಸುವ ‘ಕೋರ್ಸ್ ಬೈ ಕೋರ್ಸ್’ ರಿಪೋರ್ಟೇ ಬೇಕು. ವಿಶ್ವವಿದ್ಯಾಲಯದಿಂದ ಟ್ರಾನ್‌ಸ್ಕ್ರಿಪ್ಟ್ ತರಿಸಲು ಸಮಯ ಹಿಡಿಯುತ್ತದೆ. ಊರಿಗೆ ಹೋದಾಗಲೇ ಆ ಕೆಲಸ ಮುಗಿಸಿಕೊಂಡು ಬನ್ನಿ.

3. ಮೊದಲೇ ಮುಗಿಸಬೇಕಾದ ವಿಷಯಗಳು

ನಿಜವಾದ ಸ್ಪರ್ಧೆ ಇರುವುದು ಇಲ್ಲೇ. ಕಮ್ಯುನಿಟಿ ಕಾಲೇಜು ಸಾಮಾನ್ಯವಾಗಿ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಆದರೆ ಆಸ್ಪತ್ರೆಗಳಲ್ಲಿ ತರಬೇತಿಗೆ ಜಾಗ ಕಡಿಮೆ ಇರುವುದರಿಂದ ಇಂಥ ಕೋರ್ಸುಗಳಲ್ಲಿ ಸೀಟು ಕಡಿಮೆ. ಮೊದಲು ಅನಾಟಮಿ ಮತ್ತು ಫಿಸಿಯಾಲಜಿ, ಗಣಿತ, ಇಂಗ್ಲಿಷ್ ಮುಗಿಸಬೇಕು. ಕೆಲವು ಕೋರ್ಸಿಗೆ ಮೈಕ್ರೋಬಯಾಲಜಿ, ಸೈಕಾಲಜಿ ಕೂಡ ಬೇಕು. ಆಮೇಲೆ ಬೇರೆಯದೇ ಅರ್ಜಿ. ನಮ್ಮಲ್ಲಿ ಸಿಇಟಿ ರ‍್ಯಾಂಕ್ ನೋಡಿ ಸೀಟು ಕೊಡುವ ಹಾಗೆ ಇಲ್ಲಿ ಹಲವು ಕಾಲೇಜುಗಳು ಗ್ರೇಡ್ ಮುಂತಾದವಕ್ಕೆ ಪಾಯಿಂಟ್ ಲೆಕ್ಕ ಹಾಕುತ್ತವೆ. ಕೆಲವು ಕಡೆ ಲಾಟರಿ, ಕೆಲವು ಕಡೆ ಸರದಿ. ‘ಎರಡು ವರ್ಷದ ಡಿಗ್ರಿ’ ಅನ್ನುತ್ತಾರಲ್ವಾ? ಆ ಎರಡು ವರ್ಷ ಶುರುವಾಗುವುದು ಇದೆಲ್ಲ ಆದ ಮೇಲೆ. ಮೂರು ವರ್ಷ ಎಂದೇ ಲೆಕ್ಕ ಇಟ್ಟುಕೊಳ್ಳಿ.

ಹಾಗಾಗಿ ಒಂದೇ ಒಂದು ಕ್ಲಾಸಿಗೆ ಹೆಸರು ಕೊಡುವ ಮುಂಚೆ ನಿಮ್ಮ ಕೋರ್ಸಿನ ಅರ್ಜಿ ಕೈಪಿಡಿ ಇಳಿಸಿಕೊಂಡು ಕೊನೆಯ ಪುಟದವರೆಗೂ ಓದಿ. ಅದು ಆ ವರ್ಷದ್ದೇ ಆಗಿರಲಿ, ನಿಯಮ ಬದಲಾಗುತ್ತಿರುತ್ತದೆ. ಅರ್ಜಿಗೆ ಕೊನೆಯ ದಿನ ಯಾವಾಗ? ಹೆಚ್ಚಿನ ಕಡೆ ವರ್ಷಕ್ಕೆ ಒಂದೇ ಸಲ. ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಅನಾಟಮಿ ಮೊದಲ ಭಾಗ ಮುಗಿಯದೆ ಎರಡನೆಯದು ಸಿಗುವುದಿಲ್ಲ. ಕೆಲವು ಕಡೆ ಅದಕ್ಕೂ ಮುಂಚೆ ಸಾಮಾನ್ಯ ಬಯಾಲಜಿ ಕೇಳುತ್ತಾರೆ. ಒಂದು ಸೆಮಿಸ್ಟರ್ ತಪ್ಪಿದರೆ ಒಂದು ವರ್ಷವೇ ಹೋಗಬಹುದು.

ವಿಜ್ಞಾನದ ಅಂಕಗಳಿಗೆ ವಯಸ್ಸಿನ ಮಿತಿಯೂ ಇದೆ. ಬಹಳ ಕಡೆ ಐದು ಅಥವಾ ಏಳು ವರ್ಷಕ್ಕಿಂತ ಹಳೆಯದನ್ನು ಒಪ್ಪುವುದಿಲ್ಲ. ಬಿಎಸ್‌ಸಿಯಲ್ಲಿ ರ‍್ಯಾಂಕ್ ಬಂದವರು ಕೂಡ ಇದರ ಮೇಲೆ ಸುಮ್ನೆ ಜಗಳ ಮಾಡಬೇಡಿ. ಅನಾಟಮಿ ಇಲ್ಲೇ ಮತ್ತೆ ಓದಿ. ಭಾಷೆ ಪಳಗುತ್ತದೆ, ಹೊಸ ಎ ಗ್ರೇಡ್ ಪಾಯಿಂಟ್ ತರುತ್ತದೆ.

ಪಾಸಾಗಲು ಸಿ ಸಾಕು ಎಂದು ಬರೆದಿರುತ್ತಾರೆ. ಸ್ಪರ್ಧೆ ಇರುವ ಕಡೆ ಸಿ ತಂದವರಿಗೆ ಸೀಟು ಸಿಗುವುದು ಕಷ್ಟ. ಒಂದು ವಿಷಯವನ್ನು ಎಷ್ಟು ಸಲ ಮತ್ತೆ ಓದಬಹುದು ಎಂಬುದಕ್ಕೂ ಕೆಲವು ಕಡೆ ಮಿತಿ ಇದೆ, ನಡುವೆ ಬಿಟ್ಟಿದ್ದನ್ನೂ ಒಂದು ಪ್ರಯತ್ನವಾಗಿ ಎಣಿಸುವುದುಂಟು. ಆದ್ದರಿಂದ ಅನಾಟಮಿ ತೆಗೆದುಕೊಂಡ ಸೆಮಿಸ್ಟರಿನಲ್ಲಿ ಇನ್ನೊಂದು ವಿಜ್ಞಾನ ಬೇಡವೇ ಬೇಡ. ಲ್ಯಾಬ್ ಅನ್ನು ಆನ್‌ಲೈನ್‌ನಲ್ಲಿ ಮಾಡುವ ಆಸೆಯೂ ಬೇಡ, ಒಪ್ಪದ ಕೋರ್ಸುಗಳಿವೆ.

ಸಲಹೆ ಕೇಳುವುದಾದರೆ ಆ ವಿಭಾಗದವರನ್ನೇ ಕೇಳಿ. ಮುಂಬಾಗಿಲ ಕೌಂಟರಿನಲ್ಲಿ ಕೂತವರಿಗೆ ನೂರು ಕೋರ್ಸು ನೋಡುವ ಕೆಲಸ, ನಿಮ್ಮದರ ಒಳನಿಯಮ ಗೊತ್ತಿರುವುದಿಲ್ಲ. ಉತ್ತರವನ್ನು ಇಮೇಲ್‌ನಲ್ಲೇ ಪಡೆದು ಇಟ್ಟುಕೊಳ್ಳಿ. ಎರಡು ಕಾಲೇಜಿಗಾದರೂ ಅರ್ಜಿ ಹಾಕಿ.

4. ಪ್ರವೇಶ ಪರೀಕ್ಷೆ

ಕೋರ್ಸಿನವರು ಟೀಸ್ ಅಥವಾ ಹೆಸಿ ಎಂಬ ಪ್ರವೇಶ ಪರೀಕ್ಷೆ ಕೇಳಿದರೆ ಅಧಿಕೃತ ಪುಸ್ತಕವನ್ನೇ ಕೊಳ್ಳಿ. ಟೀಸ್ ಪರೀಕ್ಷೆ 2022ರಲ್ಲಿ ಬದಲಾಗಿದೆ, ಹಳೆಯ ಪುಸ್ತಕ ಅಗ್ಗಕ್ಕೆ ಸಿಕ್ಕರೂ ಬೇಡ. ನಮ್ಮವರಿಗೆ ಗಣಿತ ಸುಲಭ, ಔನ್ಸ್-ಪೌಂಡ್ ಲೆಕ್ಕ ಮಾತ್ರ ರೂಢಿ ಮಾಡಿಕೊಳ್ಳಿ.

5. ದುಡ್ಡು

ಗ್ರೀನ್ ಕಾರ್ಡ್ ಇದ್ದವರು ಸರ್ಕಾರದ ಹಣದ ನೆರವಿಗಾಗಿ ಎಫ್‌ಎಎಫ್‌ಎಸ್‌ಎ ಅರ್ಜಿ ತುಂಬಬಹುದು. ಆದರೆ ಊರಿನಲ್ಲಾಗಲಿ ಇಲ್ಲಾಗಲಿ ಬ್ಯಾಚುಲರ್ ಡಿಗ್ರಿ ಆಗಿದ್ದರೆ ಪೆಲ್ ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ಸರ್ಕಾರಿ ನೆರವು) ಇಲ್ಲ. ಎಚ್-4 ವೀಸಾದವರು (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ) ಓದಬಹುದು, ಸರ್ಕಾರದ ಈ ನೆರವು ಸಿಗದು. ಓದು ಮುಗಿದ ಮೇಲೂ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು. ಇದನ್ನು ಯೋಚಿಸಿಯೇ ಶುರು ಮಾಡಿ.

6. ಆಸ್ಪತ್ರೆಗೆ ಕಾಲಿಡುವ ಮುಂಚೆ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ಹಾಕಿಸಿಕೊಂಡಿರದಿದ್ದರೆ ಅರ್ಜಿ ಹಾಕಿದ ದಿನವೇ ಶುರು ಮಾಡಿ. ಇನ್ನೊಂದು ಮುಖ್ಯ ಮಾತು. ಭಾರತದಲ್ಲಿ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿರುತ್ತಾರೆ. ಕೈಗೆ ಚುಚ್ಚುವ ಟಿಬಿ ಪರೀಕ್ಷೆಯಲ್ಲಿ ಆ ಕಾರಣಕ್ಕೇ ಪಾಸಿಟಿವ್ ಬಂದು ಗಾಬರಿಯಾಗುವುದುಂಟು. ಕ್ವಾಂಟಿಫೆರಾನ್‌ನಂಥ ರಕ್ತ ಪರೀಕ್ಷೆ ಕೇಳಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ಪ್ರಥಮ ಚಿಕಿತ್ಸೆ) ಸರ್ಟಿಫಿಕೇಟ್ ಪೂರ್ತಿ ಆನ್‌ಲೈನ್‌ನಲ್ಲಿ ಕೊಡುತ್ತೇವೆ ಅನ್ನುವವರಿಗೆ ದುಡ್ಡು ಹಾಕಬೇಡಿ. ಗೊಂಬೆಯ ಎದೆ ಒತ್ತಿ ಕಲಿಸುವ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಮಾಡಿಸಿಕೊಳ್ಳಿ.

7. ಕೊನೆಯ ಪರೀಕ್ಷೆ

ಕ್ಲಾಸು, ಆಸ್ಪತ್ರೆ ಎರಡೂ ಮುಗಿದ ಮೇಲೆ ರೇಡಿಯಾಗ್ರಫಿಯವರಿಗೆ ಎಆರ್‌ಆರ್‌ಟಿ, ರೆಸ್ಪಿರೇಟರಿಯವರಿಗೆ ಎನ್‌ಬಿಆರ್‌ಸಿ ಪರೀಕ್ಷೆ. ಅನೇಕ ರಾಜ್ಯಗಳಲ್ಲಿ ಅದರ ಮೇಲೆ ಲೈಸೆನ್ಸ್ ಬೇರೆ. ಅಪ್ಪನ ಹೆಸರು, ಇನಿಷಿಯಲ್, ಗಂಡನ ಮನೆ ಹೆಸರು ಎಂದು ನಮ್ಮವರ ದಾಖಲೆಗಳಲ್ಲಿ ಹೆಸರು ಒಂದೊಂದು ಥರ ಇರುತ್ತದೆ. ಪರೀಕ್ಷೆಗೆ ನೋಂದಾಯಿಸಿದ ಹೆಸರು ಗುರುತಿನ ಚೀಟಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಕಾಲೇಜಿಗೆ ಸೇರುವ ದಿನವೇ ಪಾಸ್‌ಪೋರ್ಟಿನಲ್ಲಿರುವ ಹಾಗೇ ಹೆಸರು ಕೊಡಿ, ಕೊನೆಯವರೆಗೂ ಅದನ್ನೇ ಬಳಸಿ.